ಮರಗೆಣಸು ನಡೆದುಬಂದ ದಾರಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚಾರಿತ್ರಿಕ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ದೇವಾಲಯದ ಅಸ್ತಿವಾರ, ಗಂಟೆಗೋಪುರ, ಶಾಲೆ, ಇಲ್ಲಿ ಸೇವೆ ಸಲ್ಲಿಸಿದ ವಂದನೀಯ ಗುರುಗಳು, ಇವೆಲ್ಲದರ ವೃತ್ತಾಂತವನ್ನು ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವಾದರೋ ಧರ್ಮಕೇಂದ್ರದ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಪದೇ ಪದೇ ಕಣ್ಣಿಗೆ ಬಿದ್ದ ಒಂದು ನಮೂದಿನ ಬೆನ್ನುಹತ್ತಿದೆವು. ಪ್ರಥಮ ಫಲದ ಕಾಣಿಕೆಯಾಗಿ ಬಂದು, ಪೂಜೆಯ ಬಳಿಕ ಅಂಗಳದಲ್ಲಿ ಏಲಂ ಆದ ವಸ್ತುಗಳ ಪಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕೋಳಿಗಳ ನಡುವೆ ಹೀಗೆ ಬರೆದಿದೆ: “ಮರಗೆಣಸು, ಒಂದು ಮೂಟೆ.” ಕಾಣಿಕೆ ಕೊಡಲು ಭತ್ತವಿಲ್ಲದವರು ಈ ಮೂಟೆಯನ್ನು ಹೊತ್ತು ತಂದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದು ಈ ಸಂಚಿಕೆಯನ್ನು ಓದುತ್ತಿರುವವರು. ಆದುದರಿಂದ ಈ ಬಡವರ ಗೆಡ್ಡೆಯ ಚರಿತ್ರೆಯನ್ನೂ, ಅದನ್ನು ಬೆಳೆದವರಿಗೆ ಕಾಲಕಾಲಕ್ಕೆ ದೊರೆತ ಸಹಾಯದ ಚರಿತ್ರೆಯನ್ನೂ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಕಡಲಾಚೆಯಿಂದ ಬಂದ ಅತಿಥಿ

ಮರಗೆಣಸು ನಮ್ಮ ದೇಶದ ಸಸ್ಯವಲ್ಲ. ಅದರ ತವರು ದಕ್ಷಿಣ ಅಮೇರಿಕ. ಬ್ರೆಜಿಲ್ ದೇಶದ ಮೂಲ ನಿವಾಸಿಗಳು ಸಹಸ್ರಾರು ವರ್ಷಗಳಿಂದ ಅದನ್ನು ಬೆಳೆದು, ಅದರಲ್ಲಿರುವ ನಂಜನ್ನು ಕಳೆದು ಉಣ್ಣುವ ವಿದ್ಯೆಯನ್ನು ಬಲ್ಲವರಾಗಿದ್ದರು. ‘ಟ್ಯಾಪಿಯೋಕ’ ಎಂಬ ಹೆಸರು ಅಲ್ಲಿನ ತೂಪಿ ಭಾಷೆಯಿಂದಲೇ ಬಂದುದು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅದನ್ನು ಆಫ್ರಿಕಕ್ಕೆ ಒಯ್ದರು. ಹದಿನೇಳನೆಯ ಶತಮಾನದಲ್ಲಿ ಅವರ ಮೂಲಕವೇ ಅದು ಮಲಬಾರಿನ ಕರಾವಳಿಗೆ ಬಂದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಈ ಸಸ್ಯದ ಸ್ವಭಾವವನ್ನು ಅರಿಯದೆ ಅದರ ಚರಿತ್ರೆ ಅರ್ಥವಾಗದು. ಅದಕ್ಕೆ ಬಿತ್ತನೆ ಬೀಜವನ್ನು ಕೊಳ್ಳಬೇಕಾಗಿಲ್ಲ. ಹಿಂದಿನ ಬೆಳೆಯ ಕಾಂಡವನ್ನು ಗೇಣುದ್ದ ಕತ್ತರಿಸಿ ನೆಟ್ಟರೆ ಸಾಕು. ಭತ್ತ ಬಾರದ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿಯೂ ಅದು ಬೇರೂರುತ್ತದೆ. ಒಮ್ಮೆ ಚಿಗುರಿ ನಿಂತಿತೆಂದರೆ ಮಳೆ ಕೈಕೊಟ್ಟರೂ ತಾಳಿಕೊಳ್ಳುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಬಲಿತ ಗೆಡ್ಡೆಯನ್ನು ಒಡನೆಯೇ ಕೀಳಬೇಕೆಂಬ ನಿರ್ಬಂಧವಿಲ್ಲ. ಮನೆಗೆ ಬೇಕಾದಾಗ ಒಂದೊಂದೇ ಬುಡವನ್ನು ಕಿತ್ತು ಬೇಯಿಸಬಹುದು. ಕಣಜವಿಲ್ಲದ ಬಡವನಿಗೆ ನೆಲವೇ ಕಣಜವಾಯಿತು.

ಆದರೆ ಅದಕ್ಕೆ ಎರಡು ದೋಷಗಳುಂಟು. ಒಂದನೆಯದು, ಗೆಡ್ಡೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ವಸ್ತುವಿರುವುದು. ಕಹಿ ತಳಿಗಳಲ್ಲಿ ಇದು ಅಧಿಕ. ಸಿಪ್ಪೆ ತೆಗೆದು, ಚೂರು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುವ ನಮ್ಮ ತಾಯಂದಿರ ಪದ್ಧತಿಯ ಹಿಂದೆ ಈ ಅರಿವಿದೆ. ಎರಡನೆಯ ದೋಷ ಇನ್ನೂ ಕಠಿಣವಾದುದು. ನೆಲದೊಳಗೆ ತಿಂಗಳುಗಟ್ಟಲೆ ಕಾಯುವ ಈ ಗೆಡ್ಡೆಯು ನೆಲದಿಂದ ಹೊರಬಂದ ಮೇಲೆ ಮೂರು ದಿನ ಕಾಯುವುದಿಲ್ಲ. ಎರಡನೆಯ ಮೂರನೆಯ ದಿನಕ್ಕೆ ಒಳಗಿನ ತಿರುಳಿನಲ್ಲಿ ನೀಲಿ ಕಪ್ಪು ಗೆರೆಗಳು ಮೂಡುತ್ತವೆ. ಮಾರುಕಟ್ಟೆಯಲ್ಲಿ ಅದನ್ನು ಮೂಸುವವರೂ ಇಲ್ಲವಾಗುತ್ತಾರೆ. ಮುಂದಿನ ಚರಿತ್ರೆಯೆಲ್ಲವೂ ಈ ಮೂರು ದಿನಗಳ ಸುತ್ತ ನಡೆದುದೆಂದರೆ ತಪ್ಪಾಗಲಾರದು.

ಅರಸನ ಪ್ರೋತ್ಸಾಹ, ಯುದ್ಧದ ಹಸಿವು

ಹೊಸ ಬೆಳೆಯನ್ನು ರೈತರ ಬಳಿಗೆ ಕೊಂಡೊಯ್ಯಲು ನಮ್ಮ ನೆರೆಯ ನಾಡಿನಲ್ಲಿ ಮೊದಲು ಶ್ರಮಿಸಿದವರಲ್ಲಿ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ ಅವರ ಹೆಸರು ಪ್ರಸಿದ್ಧವಾಗಿದೆ. ೧೮೮೦ರಿಂದ ೧೮೮೫ರವರೆಗೆ ಆಳಿದ ಈ ಅರಸರು ಸಸ್ಯಶಾಸ್ತ್ರದಲ್ಲಿ ಆಸಕ್ತರು. ಮರಗೆಣಸು ವಿಷವೆಂದು ಜನರು ಅಂಜುತ್ತಿದ್ದಾಗ, ಅದನ್ನು ಬೇಯಿಸಿ ತಮ್ಮ ಊಟಕ್ಕೇ ಬಡಿಸಹೇಳಿ, ತಾವೇ ತಿಂದು ತೋರಿಸಿದರೆಂಬ ಹೇಳಿಕೆ ಇಂದಿಗೂ ಅಲ್ಲಿ ಪ್ರಚಲಿತವಾಗಿದೆ. ಹೇಳಿಕೆಯ ಸತ್ಯಾಸತ್ಯತೆ ಹೇಗೇ ಇರಲಿ, ಅದರಲ್ಲಿರುವ ನೀತಿಯನ್ನು ನಾವು ಮೆಚ್ಚುತ್ತೇವೆ. ರೈತನಿಗೆ ಉಪದೇಶಿಸುವವನು ಮೊದಲು ತಾನು ಉಂಡು ತೋರಿಸಬೇಕು.

ಅರಸರ ಪ್ರೋತ್ಸಾಹದ ಫಲ ಅವರ ಕಾಲಾನಂತರ, ಎರಡನೆಯ ಮಹಾಯುದ್ಧದಲ್ಲಿ ಕಂಡಿತು. ತಿರುವಾಂಕೂರು ತನಗೆ ಬೇಕಾದ ಅಕ್ಕಿಯ ದೊಡ್ಡ ಪಾಲನ್ನು ಹೊರಗಿನಿಂದ, ವಿಶೇಷವಾಗಿ ಬರ್ಮಾದಿಂದ ತರಿಸಿಕೊಳ್ಳುತ್ತಿತ್ತು. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಅಕ್ಕಿಯ ಹಡಗುಗಳು ನಿಂತುಹೋದವು. ಆ ವರ್ಷಗಳಲ್ಲಿ ಲಕ್ಷಾಂತರ ಕುಟುಂಬಗಳ ಒಲೆಯ ಮೇಲೆ ಕುದಿದುದು ಮರಗೆಣಸು. ಮಲಯಾಳದಲ್ಲಿ ‘ಕಪ್ಪ’ ಎಂದು ಕರೆಯಲ್ಪಡುವ ಈ ಗೆಡ್ಡೆಯನ್ನು ಮೀನಿನ ಸಾರಿನೊಡನೆ ಉಣ್ಣುವ ರೂಢಿ ಇಂದು ಔತಣದ ಅಂಗವಾಗಿದೆ. ಅಂದು ಅದು ಔತಣವಾಗಿರಲಿಲ್ಲ, ಪ್ರಾಣಾಧಾರವಾಗಿತ್ತು.

ವಲಸೆಯವರ ಮೊದಲ ಬೆಳೆ

ಇದೇ ಕಾಲದಲ್ಲಿ ತಿರುವಾಂಕೂರಿನ ಕ್ರೈಸ್ತ ರೈತರು ಭೂಮಿಯನ್ನು ಅರಸಿ ಉತ್ತರದ ಮಲಬಾರಿನ ಕಾಡುಮೇಡುಗಳಿಗೆ ಗುಳೆ ಬಂದರು. ಈ ವಲಸೆಯು ೧೯೨೦ರ ದಶಕದಲ್ಲಿ ತೊಡಗಿ ೧೯೪೦ರ ದಶಕದಲ್ಲಿ ಪ್ರವಾಹವಾಯಿತು. ಮಲೇರಿಯ, ಕಾಡುಹಂದಿ, ಆನೆ, ಇವುಗಳ ನಡುವೆ ಕಾಡು ಕಡಿದ ಜಾಗದಲ್ಲಿ ಅವರು ಮೊದಲು ನೆಟ್ಟುದು ಮರಗೆಣಸಿನ ಕಡ್ಡಿಯನ್ನು. ಕಾಳುಮೆಣಸು, ರಬ್ಬರು ಫಲ ಕೊಡಲು ವರ್ಷಗಳು ಬೇಕು. ಮರಗೆಣಸು ಹತ್ತು ತಿಂಗಳಲ್ಲಿ ಅನ್ನವಾಗುತ್ತದೆ. ಈ ಜನರ ಪಾಲನೆಗಾಗಿ ೧೯೫೩ರಲ್ಲಿ ತಲಶ್ಶೇರಿ ಧರ್ಮಪ್ರಾಂತ್ಯ ಸ್ಥಾಪಿತವಾಯಿತು. ಅದರ ಪ್ರಥಮ ಧರ್ಮಾಧ್ಯಕ್ಷರಾದ ಮಾರ್ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿಯವರನ್ನು ವಲಸೆಯ ರೈತರು ಇಂದಿಗೂ ತಮ್ಮ ತಂದೆಯೆಂದು ಸ್ಮರಿಸುತ್ತಾರೆ.

ಈ ಪ್ರವಾಹದ ಕವಲುಗಳು ನಮ್ಮ ಕನ್ನಡ ನಾಡಿಗೂ ಹರಿದುಬಂದವು. ಬೆಳ್ತಂಗಡಿ, ಪುತ್ತೂರು, ಸುಳ್ಯದ ಕಡೆಗೂ, ಘಟ್ಟದ ಮೇಲೆ ನರಸಿಂಹರಾಜಪುರದ ಕಡೆಗೂ ಬಂದು ನೆಲಸಿದವರ ಕಥೆ ನಮ್ಮ ಹಿರಿಯರಿಗೆ ತಿಳಿದದ್ದೇ. ೧೯೯೯ರಲ್ಲಿ ಬೆಳ್ತಂಗಡಿ, ೨೦೦೭ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯಗಳು ಸ್ಥಾಪನೆಯಾದುದು ಈ ವಲಸೆಯ ಮುಂದುವರಿದ ಅಧ್ಯಾಯ. ಅವರು ಬರುವ ಮುನ್ನವೂ ನಮ್ಮವರ ಹಿತ್ತಿಲಿನಲ್ಲಿ ಮರಗೆಣಸು ಇತ್ತು. ಆದರೆ ಅದನ್ನು ಗುಡ್ಡದ ತುಂಬ ಬೆಳೆಯಬಹುದು, ಹೆಚ್ಚಾದುದನ್ನು ಅರೆಬೇಯಿಸಿ ಒಣಗಿಸಿ ಮಳೆಗಾಲಕ್ಕೆ ಕಟ್ಟಿಡಬಹುದು ಎಂಬುದನ್ನು ನಾವು ಅವರ ಅಂಗಳಗಳಲ್ಲಿ ಕಂಡೆವು. ಅಂತೆಯೇ ಇಳಿಜಾರಿನಲ್ಲಿ ಅಡ್ಡ ಏರಿಗಳನ್ನು ಹಾಕದೆ ಬೆಳೆದರೆ ಮಣ್ಣೆಲ್ಲ ಹಳ್ಳದ ಪಾಲಾಗುವುದೆಂಬ ಪಾಠವನ್ನೂ, ನಷ್ಟಪಟ್ಟ ಮೇಲೆ, ಎಲ್ಲರೂ ಜೊತೆಯಾಗಿ ಕಲಿತೆವು.

ಸೇಲಂ ಪಟ್ಟಣದ ಸಾಬಕ್ಕಿ

ಹಸಿವು ನೀಗುವುದು ಒಂದು ಮಾತು. ಕೈಗೆ ಕಾಸು ಬರುವುದು ಇನ್ನೊಂದು ಮಾತು. ಗೆಡ್ಡೆಗೆ ದೊಡ್ಡ ಮಾರುಕಟ್ಟೆಯನ್ನು ಒದಗಿಸಿದುದು ತಮಿಳುನಾಡಿನ ಸೇಲಂ. ಯುದ್ಧದ ನಿಮಿತ್ತ ಹೊರದೇಶದ ಸಾಬಕ್ಕಿಯ ಆಮದು ನಿಂತಾಗ, ಕೇರಳಕ್ಕೆ ಹೋಗಿಬರುತ್ತಿದ್ದ ಮಾಣಿಕ್ಕಂ ಚೆಟ್ಟಿಯಾರ್ ಎಂಬ ಮೀನಿನ ವ್ಯಾಪಾರಿಯು ೧೯೪೩ರ ಸುಮಾರಿಗೆ ಮರಗೆಣಸಿನ ಹಿಟ್ಟನ್ನು, ತರುವಾಯ ಅದರಿಂದ ಸಾಬಕ್ಕಿಯನ್ನು ಅಲ್ಲಿ ತಯಾರಿಸತೊಡಗಿದರು. ಗೆಡ್ಡೆಯ ಸಿಪ್ಪೆ ಸುಲಿದು, ತುರಿದು, ಸೋಸಿದ ಹಾಲನ್ನು ತೊಟ್ಟಿಯಲ್ಲಿ ತಂಗಿಸಿ, ತಳದಲ್ಲಿ ಕೂತ ಹಿಟ್ಟನ್ನು ಬಟ್ಟೆಯ ತೊಟ್ಟಿಲಿನಲ್ಲಿ ತೂಗಿ ಕಾಳುಗಟ್ಟಿಸಿ, ಕಾದ ತವೆಯ ಮೇಲೆ ಹುರಿದು, ಬಿಸಿಲಿಗೆ ಹರಡುವುದು ಅಂದಿನ ವಿಧಾನ. ನಮ್ಮ ಮನೆಗಳಲ್ಲಿ ಪಾಯಸಕ್ಕೂ ಹಪ್ಪಳಕ್ಕೂ ರೋಗಿಯ ಗಂಜಿಗೂ ಬರುವ ಸಾಬಕ್ಕಿಯು ಅಕ್ಕಿಯಲ್ಲ, ಮರಗೆಣಸಿನ ಹಿಟ್ಟು ಎಂಬುದನ್ನು ಇಂದಿನ ಮಕ್ಕಳು ಕೇಳಿ ಬೆರಗಾಗುತ್ತಾರೆ.

ಕಾರ್ಖಾನೆಗಳು ಹೆಚ್ಚಿದಂತೆ ದಲ್ಲಾಳಿಗಳ ಹಿಡಿತವೂ ಹೆಚ್ಚಿತು. ಇದನ್ನು ತಪ್ಪಿಸಲು ಸಾಬಕ್ಕಿ ತಯಾರಕರು ೧೯೮೧ರಲ್ಲಿ ‘ಸೇಗೋಸರ್ವ್’ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಸದಸ್ಯರ ಸರಕನ್ನು ಉಗ್ರಾಣದಲ್ಲಿ ಇರಿಸಿಕೊಂಡು, ಅದರ ಮೇಲೆ ಮುಂಗಡ ಹಣ ಕೊಟ್ಟು, ಟೆಂಡರ್ ಪದ್ಧತಿಯಲ್ಲಿ ಮಾರಿಸುವುದು ಅದರ ಕಾರ್ಯ. ೨೦೨೩ರಲ್ಲಿ ಸೇಲಂ ಸಾಬಕ್ಕಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದು ಶ್ಲಾಘ್ಯವಾದುದು. ಆದರೆ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಈ ಸಂಘದಿಂದ ನೇರವಾದ ರಕ್ಷಣೆ ದೊರೆತುದು ಗೆಡ್ಡೆಯನ್ನು ಅರೆಯುವವನಿಗೆ, ಗೆಡ್ಡೆಯನ್ನು ಬೆಳೆಯುವವನಿಗಲ್ಲ. ಸಾಬಕ್ಕಿಯು ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕಾಯಬಲ್ಲುದು, ಆದುದರಿಂದ ಅದರ ಒಡೆಯನೂ ಒಳ್ಳೆಯ ಬೆಲೆಗಾಗಿ ಕಾಯಬಲ್ಲನು. ಹಸಿ ಗೆಡ್ಡೆ ಕಾಯದು, ಆದುದರಿಂದ ರೈತನೂ ಕಾಯಲಾರನು. ಗೆಡ್ಡೆಯ ಹಿಟ್ಟಿನಂಶವನ್ನು ‘ಪಾಯಿಂಟ್’ ಲೆಕ್ಕದಲ್ಲಿ ಅಳೆದು ಬೆಲೆ ಕಟ್ಟುವ ಪದ್ಧತಿಯಲ್ಲಿ, ಅಳೆಯುವ ತಕ್ಕಡಿ ಕೊಳ್ಳುವವನ ಬಾಗಿಲಲ್ಲಿದ್ದರೆ ರೈತನ ಬಾಯಿ ತಾನಾಗಿ ಮುಚ್ಚಿಹೋಗುತ್ತದೆ.

ಶ್ರೀಕಾರ್ಯದ ಸಂಶೋಧಕರು

ಇತ್ತ ಭಾರತ ಸರ್ಕಾರವು ೧೯೬೩ರಲ್ಲಿ ತಿರುವನಂತಪುರದ ಸಮೀಪದ ಶ್ರೀಕಾರ್ಯಂನಲ್ಲಿ ಕೇಂದ್ರೀಯ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆಯನ್ನು ತೆರೆಯಿತು. ಮರಗೆಣಸು, ಸಿಹಿಗೆಣಸು, ಸುವರ್ಣಗೆಡ್ಡೆ, ಕೆಸು ಮೊದಲಾದ ಬಡಗೆಡ್ಡೆಗಳಿಗೂ ವಿಜ್ಞಾನದ ಪಂಕ್ತಿಯಲ್ಲಿ ಒಂದು ಎಲೆ ಹಾಕಿದಂತಾಯಿತು. ೧೯೭೧ರಲ್ಲಿ ಎಚ್-೯೭, ಎಚ್-೧೬೫, ಎಚ್-೨೨೬ ಎಂಬ ಮಿಶ್ರತಳಿಗಳು ಬಿಡುಗಡೆಯಾದವು. ಇವುಗಳಲ್ಲಿ ಕೊನೆಯ ಎರಡು ಸೇಲಂ ಕಡೆಯ ಹೊಲಗಳನ್ನು ವ್ಯಾಪಿಸಿದವು. ೧೯೭೭ರಲ್ಲಿ ಬಂದ ತಳಿಯೊಂದಕ್ಕೆ ಹಿಂದಿನ ಮಹಾರಾಜರ ಸ್ಮರಣೆಯಲ್ಲಿ ‘ಶ್ರೀ ವಿಶಾಖಂ’ ಎಂದು ಹೆಸರಿಟ್ಟರು. ೧೯೯೮ರಲ್ಲಿ ಬಂದ ‘ಶ್ರೀ ಜಯ’, ‘ಶ್ರೀ ವಿಜಯ’ ತಳಿಗಳು ಆರೇಳು ತಿಂಗಳಲ್ಲಿ ಕೈಗೆ ಬರುವುದರಿಂದ ಭತ್ತದ ಕೊಯ್ಲಾದ ಗದ್ದೆಗೂ ಹೊಂದಿಕೊಂಡವು. ಆದರೂ ರುಚಿಗಾಗಿ ಮಲಯದಿಂದ ಬಂದ ಹಳೆಯ ‘ಎಂ-೪’ ತಳಿಯನ್ನೇ ಬಯಸುವ ಮನೆಗಳು ಇಂದಿಗೂ ಇವೆ. ಇಳುವರಿ ಬೇರೆ, ನಾಲಗೆ ಬೇರೆ ಎಂಬುದನ್ನು ಮಾರುವವನು ಮರೆಯಬಾರದು.

ಸಂಸ್ಥೆಯು ಕಲಿಸಿದ ಇನ್ನೊಂದು ವಿದ್ಯೆ ನಾಟಿಯ ಕಡ್ಡಿಯನ್ನು ಆರಿಸುವುದು. ಎಲೆ ಮುರುಟಿ ಹಳದಿಯಾಗುವ ಮೊಸಾಯಿಕ್ ರೋಗವು ಬಿಳಿನೊಣದಿಂದಲೂ, ಅದಕ್ಕಿಂತ ಸುಲಭವಾಗಿ ರೋಗಪೀಡಿತ ಕಡ್ಡಿಯಿಂದಲೂ ಹರಡುತ್ತದೆ. ಆರೋಗ್ಯವಾದ ಕಾಂಡವನ್ನು ಎರಡು ಗಿಣ್ಣಿನ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪಾತಿಯಲ್ಲಿ ಬೆಳೆಸಿ, ರೋಗ ಕಂಡವನ್ನು ಕಿತ್ತೆಸೆದು, ಉಳಿದವನ್ನು ನೆಡುವ ಪದ್ಧತಿಯಿಂದ ಒಂದೇ ಕಾಂಡದಿಂದ ಹಲವು ಪಟ್ಟು ಸಸಿಗಳು ದೊರೆಯುತ್ತವೆ. ಇದಕ್ಕೆ ಹಣ ಬೇಡ, ಕಣ್ಣು ಬೇಕು.

ನಮ್ಮದೊಂದು ತಪ್ಪು

ಇಲ್ಲಿ ನಾವು ನಮ್ಮ ಅನುಭವವೊಂದನ್ನು ಮುಚ್ಚಿಡದೆ ಹೇಳಬೇಕಾಗಿದೆ. ಗುರುದೀಕ್ಷೆಯ ಹೊಸತರಲ್ಲಿ ನಾವು ಘಟ್ಟದ ಬುಡದ ಒಂದು ಸಣ್ಣ ಉಪಕೇಂದ್ರದ ಪಾಲನೆಯಲ್ಲಿದ್ದೆವು. ಅಲ್ಲಿನ ಕುಟುಂಬಗಳಿಗೆ ಅರ್ಧ ಎಕರೆ, ಒಂದು ಎಕರೆ ಗುಡ್ಡವೇ ಆಸ್ತಿ. ಪುಸ್ತಕ ಓದಿದ ಹುರುಪಿನಲ್ಲಿ ನಾವು ಒಳ್ಳೆಯ ತಳಿಯ ಕಡ್ಡಿಗಳನ್ನು ತರಿಸಿ ಹಂಚಿದೆವು. ಪ್ರತಿ ಭಾನುವಾರ ಪೂಜೆಯಾದ ಬಳಿಕ ಗುಡ್ಡ ಹತ್ತಿ ಬೆಳೆಯನ್ನು ನೋಡಿಬಂದೆವು. ಬೆಳೆ ಅಪೂರ್ವವಾಗಿ ಬಂದಿತು. ದೂರದ ವ್ಯಾಪಾರಿಯೊಬ್ಬರು ಬಾಯಿಮಾತಿನಲ್ಲಿ ದರ ಹೇಳಿ, ಇಂಥ ದಿನ ಲಾರಿ ಬರುವುದೆಂದರು. ಹಿಂದಿನ ದಿನವೇ ಹನ್ನೊಂದು ಮನೆಯವರು ಸೇರಿ ಗೆಡ್ಡೆಯನ್ನೆಲ್ಲ ಕಿತ್ತು ರಸ್ತೆಯ ಬದಿಗೆ ರಾಶಿ ಹಾಕಿದರು. ಲಾರಿ ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ಬಂದಿತು. ಬಂದವರು ಒಂದು ಗೆಡ್ಡೆಯನ್ನು ಮುರಿದು ನೋಡಿ, ನೀಲಿ ಗೆರೆಯನ್ನು ತೋರಿಸಿ, ಹೇಳಿದ ದರದ ಮೂರನೆಯ ಒಂದು ಭಾಗಕ್ಕೆ ಕೊಡುವುದಾದರೆ ಕೊಡಿ ಎಂದರು. ಕೊಡದೆ ಮಾಡುವುದೇನು?

ಆ ರಾಶಿಯ ಪಕ್ಕದಲ್ಲಿ ಕೂತಿದ್ದ ವೃದ್ಧ ತಾಯಿಯೊಬ್ಬರು ನಮ್ಮನ್ನು ಕುರಿತು, “ಫಾದರ್, ನೆಡಿ ಅಂದಿರಿ, ನೆಟ್ಟೆವು. ಕೀಳಿ ಅಂದಿರಿ, ಕಿತ್ತೆವು. ತಿನ್ನುವವರನ್ನೂ ಮೊದಲೇ ನೋಡಿ ಇಡಬಾರದಿತ್ತೇ?” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಅದರಿಂದಲೇ ಅದು ನಮ್ಮ ಎದೆಯನ್ನು ನಾಟಿತು. ಸೆಮಿನರಿಯಲ್ಲಿ ಕಲಿತ ಯಾವ ಪಾಠವೂ ಅಂದು ನಮ್ಮ ನೆರವಿಗೆ ಬರಲಿಲ್ಲ. ಬೆಳೆಯಲು ಕಲಿಸುವುದು ಅರ್ಧ ಉಪಕಾರ. ಮಾರುವ ದಾರಿಯನ್ನು ಕಾಣದೆ ಮಾಡಿದ ಅರ್ಧ ಉಪಕಾರವು ಕೆಲವೊಮ್ಮೆ ಪೂರ್ಣ ಅಪಕಾರವಾಗುತ್ತದೆ.

ಮುಂದಿನ ವರ್ಷ ಅದೇ ಮನೆಯವರು ನಮ್ಮನ್ನು ಕೂರಿಸಿಕೊಂಡು ಮೂರು ನಿಯಮಗಳನ್ನು ಮಾಡಿದರು. ಲಾರಿಯನ್ನು ಕಣ್ಣಿನಿಂದ ಕಾಣುವವರೆಗೆ ಗೆಡ್ಡೆಯನ್ನು ಕೀಳಕೂಡದು. ಎಲ್ಲರೂ ಒಂದೇ ವಾರದಲ್ಲಿ ನೆಡಕೂಡದು; ಸರದಿಯಲ್ಲಿ ನೆಟ್ಟು ಸರದಿಯಲ್ಲಿ ಕೀಳಬೇಕು. ಬೆಳೆಯ ಒಂದು ಪಾಲನ್ನು ಹಸಿಯಾಗಿ ಮಾರದೆ, ಹೆಚ್ಚಿ ಒಣಗಿಸಿ ಇಟ್ಟುಕೊಳ್ಳಬೇಕು. ಯಾರೂ ಶ್ರೀಮಂತರಾಗಲಿಲ್ಲ. ಆದರೆ ರಸ್ತೆಯ ಬದಿಯಲ್ಲಿ ಆ ರಾಶಿ ಮತ್ತೆಂದೂ ಕೊಳೆಯಲಿಲ್ಲ.

ಕೊಲಂಬಿಯದ ನಿದರ್ಶನ

ನಮ್ಮವರು ಪೆಟ್ಟು ತಿಂದು ಕಲಿತ ಈ ನೀತಿಯನ್ನೇ ಮರಗೆಣಸಿನ ತವರುಖಂಡದ ರೈತರು ದೊಡ್ಡ ಪ್ರಮಾಣದಲ್ಲಿ ಆಚರಿಸಿದ್ದರೆಂಬುದನ್ನು ನಾವು ಅನಂತರ ಓದಿ ತಿಳಿದೆವು. ಕೊಲಂಬಿಯದ ಕಾಲಿ ನಗರದ ಬಳಿಯ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರದ ತಜ್ಞರೂ, ಸರ್ಕಾರದ ಗ್ರಾಮಾಭಿವೃದ್ಧಿ ಯೋಜನೆಯವರೂ ಸೇರಿ, ೧೯೮೧ರಲ್ಲಿ ಅಟ್ಲಾಂಟಿಕ್ ಕರಾವಳಿಯ ಬೆತೂಲಿಯ ಎಂಬಲ್ಲಿ ಸಣ್ಣ ರೈತರ ಸಂಘವೊಂದರಿಂದ ಒಣಗಿಸುವ ಕಣವನ್ನು ಕಟ್ಟಿಸಿದರು. ಯಂತ್ರದಲ್ಲಿ ಗೆಡ್ಡೆಯನ್ನು ಚೂರು ಮಾಡಿ, ಸಿಮೆಂಟಿನ ನೆಲದ ಮೇಲೆ ಬಿಸಿಲಿಗೆ ಒಣಗಿಸಿ, ಕೋಳಿ ಮತ್ತು ಹಂದಿಗಳ ಆಹಾರ ತಯಾರಿಸುವ ಕಾರ್ಖಾನೆಗಳಿಗೆ ಮಾರುವುದು ಯೋಜನೆ. ಮೂರು ದಿನಗಳ ಗೆಡ್ಡೆಯು ಹೀಗೆ ತಿಂಗಳುಗಳ ಸರಕಾಯಿತು. ಕಣವೂ ಯಂತ್ರವೂ ರೈತರವೇ ಆಗಿದ್ದುದರಿಂದ ಲಾಭವೂ ಅವರ ಸಂಘಕ್ಕೇ ಸೇರಿತು. ಆ ದಶಕದಲ್ಲಿ ಇಂತಹ ಕಣಗಳು ಹತ್ತಾರು ಊರುಗಳಲ್ಲಿ ಎದ್ದವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೯೯೦ರ ದಶಕದ ಆದಿಯಲ್ಲಿ ಆಮದಿನ ಬಾಗಿಲುಗಳು ತೆರೆದು ಅಗ್ಗದ ಧಾನ್ಯವು ಒಳಬಂದಾಗ, ಒಣ ಮರಗೆಣಸಿನ ಬೇಡಿಕೆ ಕುಸಿದು ಅನೇಕ ಸಂಘಗಳು ಕಷ್ಟಕ್ಕೀಡಾದವು. ಒಬ್ಬನೇ ಗಿರಾಕಿಯನ್ನು ನೆಚ್ಚಿದ ಸಂಘವೂ ಒಂದೇ ಲಾರಿಯನ್ನು ನೆಚ್ಚಿದ ಹಳ್ಳಿಯಂತೆಯೇ. ಮನೆಯ ಒಲೆ, ಊರ ಸಂತೆ, ದೂರದ ಕಾರ್ಖಾನೆ, ಈ ಮೂರೂ ದಾರಿಗಳು ತೆರೆದಿದ್ದರೆ ಒಂದು ಮುಚ್ಚಿದಾಗ ಮತ್ತೊಂದು ಕೈಹಿಡಿಯುತ್ತದೆ.

ಹಿಟ್ಟುತಿಗಣೆಯೂ ಕಣಜವೂ

ಕೊನೆಯದಾಗಿ, ನಮ್ಮ ರಾಜಧಾನಿಗೂ ಸಂಬಂಧಪಟ್ಟ ಒಂದು ಶುಭವಾರ್ತೆ. ೧೯೭೦ರ ದಶಕದ ಆದಿಯಲ್ಲಿ ದಕ್ಷಿಣ ಅಮೇರಿಕದ ಹಿಟ್ಟುತಿಗಣೆಯೊಂದು ಆಕಸ್ಮಿಕವಾಗಿ ಆಫ್ರಿಕವನ್ನು ಸೇರಿ, ಅಲ್ಲಿನ ಕೋಟ್ಯಂತರ ಜನರ ಆಹಾರವಾದ ಮರಗೆಣಸನ್ನು ನಾಶಮಾಡತೊಡಗಿತು. ಆ ಕೀಟದ ಸಹಜ ಶತ್ರುವಾದ ಅತಿ ಚಿಕ್ಕ ಪರೋಪಜೀವಿ ಕಣಜವನ್ನು ೧೯೮೧ರಲ್ಲಿ ಪರಾಗ್ವೆ ದೇಶದಲ್ಲಿ ಪತ್ತೆಮಾಡಿ ಆಫ್ರಿಕದಲ್ಲಿ ಬಿಡಲಾಯಿತು. ಈ ಕಾರ್ಯದ ಮುಂದಾಳು ಹಾನ್ಸ್ ಹೆರೆನ್ ಅವರಿಗೆ ೧೯೯೫ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಅದೇ ಹಿಟ್ಟುತಿಗಣೆಯು ೨೦೨೦ರಲ್ಲಿ ಕೇರಳದ ತೃಶ್ಶೂರಿನಲ್ಲಿ ಕಾಣಿಸಿಕೊಂಡು ಸೇಲಂ ಕಡೆಯ ಹೊಲಗಳಿಗೂ ಹಬ್ಬಿತು. ಆಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ೨೦೨೧ರಲ್ಲಿ ಆಫ್ರಿಕದ ಬೆನಿನ್ ದೇಶದಿಂದ ಆ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, ೨೦೨೨ರ ಮಾರ್ಚಿಯಲ್ಲಿ ತಮಿಳುನಾಡಿನ ಹೊಲಗಳಲ್ಲಿ ಬಿಡತೊಡಗಿದರು. ಬ್ರೆಜಿಲಿನ ಗೆಡ್ಡೆ, ಪರಾಗ್ವೆಯ ಕಣಜ, ಆಫ್ರಿಕದ ಅನುಭವ, ಬೆಂಗಳೂರಿನ ಪ್ರಯೋಗಶಾಲೆ, ಇವೆಲ್ಲವೂ ಒಂದು ಎಕರೆಯ ರೈತನ ನೆರವಿಗೆ ಒಟ್ಟುಗೂಡಿದುವು.

ಉಪಸಂಹಾರ

೧೯೭೦ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಮೂರು ಲಕ್ಷ ಹೆಕ್ಟೇರಿಗೂ ಮಿಕ್ಕಿ ಇದ್ದ ಮರಗೆಣಸಿನ ಬೆಳೆಯು ಇಂದು ಒಂದು ಲಕ್ಷಕ್ಕಿಂತ ಕೆಳಗಿಳಿದಿದೆ. ಪಡಿತರದ ಅಕ್ಕಿ ಬಂದಿತು, ರಬ್ಬರು ಬಂದಿತು, ಮಕ್ಕಳು ಪಟ್ಟಣಕ್ಕೂ ಪರದೇಶಕ್ಕೂ ಹೋದರು. ನಮ್ಮ ಗುಡ್ಡಗಳಲ್ಲಿಯೂ ಅಡಿಕೆಯದೇ ರಾಜ್ಯ. ಇದಕ್ಕಾಗಿ ನಾವು ವ್ಯಥೆಪಡಬೇಕಾಗಿಲ್ಲ. ಬಡತನ ನೀಗಿದಾಗ ಬಡವರ ಅನ್ನ ಹಿಂದೆ ಸರಿಯುವುದು ಸಹಜ. ಆದರೆ ಇಂದಿಗೂ ನಮ್ಮ ಧರ್ಮಕೇಂದ್ರದ ಎಲ್ಲೆಯಲ್ಲಿ ಅರ್ಧ ಎಕರೆಯಲ್ಲಿ ಗೆಣಸು, ಸುವರ್ಣಗೆಡ್ಡೆ, ಕೆಸು ಬೆಳೆದು ಸಂತೆಗೆ ಹೊತ್ತೊಯ್ಯುವ ಕುಟುಂಬಗಳಿವೆ. ಸಂಜೆಯ ಹೊತ್ತಿಗೆ, ಹೊತ್ತು ತಂದುದನ್ನು ಮರಳಿ ಹೊರಲಾರದೆ, ಕೇಳಿದ ಬೆಲೆಗೆ ಸುರಿದುಬರುವ ಅವರ ಸಂಕಟ ಅಂದಿನಂತೆಯೇ ಇದೆ.

ಶತಮಾನೋತ್ಸವದ ಕಾರ್ಯಗಳಲ್ಲಿ ಹೊಸ ಸಭಾಂಗಣದ ನಿರ್ಮಾಣವೂ ಸೇರಿದೆ. ಅದರ ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಸಿಮೆಂಟಿನ ಕಣ, ಒಂದು ಹೆಚ್ಚುವ ಯಂತ್ರ, ಎಲ್ಲರೂ ಒಪ್ಪುವ ಒಂದು ತಕ್ಕಡಿ, ಇಷ್ಟಕ್ಕೆ ಸ್ಥಳ ಬಿಡಬೇಕೆಂದು ನಾವು ಪಾಲನಾ ಪರಿಷತ್ತಿನ ಮುಂದೆ ವಿನಂತಿಸಿದ್ದೇವೆ. ಆ ಕಣವು ಮತಭೇದವಿಲ್ಲದೆ ಊರಿನ ಸಣ್ಣ ರೈತರೆಲ್ಲರಿಗೂ ತೆರೆದಿರಬೇಕು. ನೂರು ವರ್ಷಗಳ ಹಿಂದೆ ಮೂಟೆ ಹೊತ್ತು ತಂದು ಈ ದೇವಾಲಯವನ್ನು ಕಟ್ಟಿದವರ ಋಣವನ್ನು ತೀರಿಸಲು ಇದಕ್ಕಿಂತ ಸರಳವಾದ ದಾರಿ ನಮಗೆ ಕಾಣದು. ಅಂದು ಆ ವೃದ್ಧ ತಾಯಿ ಕೇಳಿದ ಪ್ರಶ್ನೆಗೆ, ಇಷ್ಟು ವರ್ಷಗಳ ತರುವಾಯವಾದರೂ, ನಾವೆಲ್ಲರೂ ಸೇರಿ ಉತ್ತರ ಕೊಡೋಣವೆಂದು ಹಾರೈಸಿ ನಮ್ಮ ಲೇಖನಿಯನ್ನು ಕೆಳಗಿಡುತ್ತೇವೆ.